ನೆರೆ ಇಳಿದ ಮೇಲೆ ನೆರೆಹೊರೆ

2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಗ್ರಾಮಗಳಿಗೆ ಒದಗಿದ ವಿಪತ್ತನ್ನು ನಮ್ಮ ಜಿಲ್ಲೆಯ ಜನರು ಮರೆತಿರಲಾರರು. ಚಾರ್ಮಾಡಿ, ಮಲವಂತಿಗೆ, ಮಿತ್ತಬಾಗಿಲು, ದಿಡುಪೆ, ಕುಕ್ಕಾವು ಮುಂತಾದ ಕಡೆಗಳಲ್ಲಿ ಗುಡ್ಡಗಳು ಜರಿದವು. ಮೃತ್ಯುಂಜಯ, ನೇತ್ರಾವತಿ ನದಿಗಳು ಬಂಡೆಗಳನ್ನೂ ಮರದ ದಿಮ್ಮಿಗಳನ್ನೂ ಹೊತ್ತು ತಂದವು. ತಲೆಮಾರುಗಳು ಬೆಳೆಸಿದ ಅಡಿಕೆ ತೋಟಗಳ ಮೇಲೆ ಹೊಯಿಗೆ ತುಂಬಿತು. ಮನೆಗಳು ನೆಲಸಮವಾದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತು. ಪೂರ್ಣವಾಗಿ ನಾಶವಾದ ಮನೆಗಳಿಗೆ ರಾಜ್ಯ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಸಂಘಸಂಸ್ಥೆಗಳು ಅಕ್ಕಿ, ಬಟ್ಟೆ, ಪಾತ್ರೆಗಳೊಂದಿಗೆ ಧಾವಿಸಿದವು. ಕೆಲವು ದಿನಗಳಲ್ಲಿ ನೆರೆ ಇಳಿಯಿತು. ಯಂತ್ರಗಳು ಬಂದು ಹೊಯಿಗೆ ತೆಗೆದವು.

ಆದರೆ ಅಂಥ ಒಂದು ರಾತ್ರಿಯನ್ನು ಕಂಡವರ ಮನಸ್ಸಿನಲ್ಲಿ ತುಂಬಿಕೊಂಡ ಹೊಯಿಗೆ ಅಷ್ಟು ಬೇಗ ಖಾಲಿಯಾಗುವುದಿಲ್ಲ. ಆಟಿಯ ಮಳೆ ಹಂಚಿನ ಮೇಲೆ ಬಡಿಯತೊಡಗಿದೊಡನೆ ಎದ್ದು ಕುಳಿತುಕೊಳ್ಳುವ ತಾಯಂದಿರು, ತೋಡಿನ ಸದ್ದು ಹೆಚ್ಚಾದರೆ ಊಟದ ತಟ್ಟೆಯನ್ನು ಬಿಟ್ಟು ಅಂಗಳಕ್ಕೆ ಓಡುವ ಹಿರಿಯರು, ಗುಡುಗಿನ ಶಬ್ದಕ್ಕೆ ಮಂಚದ ಕೆಳಗೆ ಅಡಗುವ ಮಕ್ಕಳು ಅಂಥ ಊರುಗಳಲ್ಲಿ ಇರುತ್ತಾರೆ. ‘ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ’ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಬಹುಮಂದಿಯಲ್ಲಿ ಈ ಭಯ ಕ್ರಮೇಣ ಕರಗುತ್ತದೆ. ಕೆಲವರಲ್ಲಿ ಮಾತ್ರ ಅದು ಕರಗದೆ ರೋಗವಾಗಿ ನೆಲೆಯೂರುತ್ತದೆ.

ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಒಂದೇ ತೋಡಿನ ಎರಡು ದಡಗಳಲ್ಲಿ ಎರಡು ಮನೆಗಳಿದ್ದವು ಎಂದು ಕಲ್ಪಿಸಿಕೊಳ್ಳೋಣ. ಒಂದೇ ರಾತ್ರಿ ಎರಡೂ ಮನೆಗಳು ಕೊಚ್ಚಿಹೋದವು. ವರ್ಷ ಕಳೆಯುವಷ್ಟರಲ್ಲಿ ಒಂದು ಮನೆಯ ಯಜಮಾನ ಹೊಸ ಅಡಿಕೆ ಸಸಿಗಳನ್ನು ನೆಟ್ಟಿದ್ದಾನೆ, ಭಾನುವಾರದ ಬಲಿಪೂಜೆಗೆ ಬರುತ್ತಾನೆ, ನಗುತ್ತಾನೆ. ಇನ್ನೊಂದು ಮನೆಯ ಯಜಮಾನ ತೋಟದ ಕಡೆಗೆ ತಲೆಯೆತ್ತಿಯೂ ನೋಡುವುದಿಲ್ಲ, ರಾತ್ರಿ ಕನಸಿನಲ್ಲಿ ಕೂಗಿ ಏಳುತ್ತಾನೆ, ಸಣ್ಣ ಮಾತಿಗೂ ಸಿಡುಕುತ್ತಾನೆ, ದೇವಾಲಯಕ್ಕೂ ಬರುವುದಿಲ್ಲ. ಏಕೆ ಹೀಗೆ? ಮೊದಲನೆಯವನು ಗಟ್ಟಿಗ, ಎರಡನೆಯವನು ಪುಕ್ಕಲ ಎನ್ನೋಣವೇ? ಮೊದಲನೆಯವನಲ್ಲಿ ವಿಶ್ವಾಸವಿತ್ತು, ಎರಡನೆಯವನಲ್ಲಿ ಇರಲಿಲ್ಲ ಎನ್ನೋಣವೇ? ಹಾಗೆ ಹೇಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಹಾಗೆ ಹೇಳುವುದು ನ್ಯಾಯವೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಗಾಯಕ್ಕೊಂದು ಹೆಸರು

ಎರಡನೆಯ ಮನೆಯವನ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ. ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಬವಣೆ ಕಣ್ಣೆದುರಿಗಿದ್ದ ಕಾಲದಲ್ಲಿ, ಈ ಹೆಸರನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿತು. ಹೆಸರು ಹೊಸದು, ನೋವು ಮನುಷ್ಯಕುಲದಷ್ಟೇ ಹಳೆಯದು.

ಇದರ ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದಾಗಿ, ನಡೆದ ಘಟನೆ ಕನಸಾಗಿಯೂ ಹಗಲಿನ ದೃಶ್ಯವಾಗಿಯೂ ಮರುಕಳಿಸುತ್ತದೆ. ಅದು ನೆನಪಿನಂತೆ ಬರುವುದಿಲ್ಲ; ಈಗಲೇ ನಡೆಯುತ್ತಿರುವಂತೆ ಬರುತ್ತದೆ. ಎರಡನೆಯದಾಗಿ, ಅದನ್ನು ನೆನಪಿಸುವ ಜಾಗ, ಮಾತು, ಮನುಷ್ಯರಿಂದ ವ್ಯಕ್ತಿ ದೂರ ಸರಿಯುತ್ತಾನೆ. ಮೂರನೆಯದಾಗಿ, ತನ್ನ ಬಗ್ಗೆಯೂ ಲೋಕದ ಬಗ್ಗೆಯೂ ಕತ್ತಲೆಯ ಭಾವನೆಗಳು ಮೂಡುತ್ತವೆ. ಪ್ರೀತಿಪಾತ್ರರ ನಡುವೆಯೂ ಅವನು ಅಪರಿಚಿತನಂತೆ ಇರುತ್ತಾನೆ. ನಾಲ್ಕನೆಯದಾಗಿ, ದೇಹ ಸದಾ ಕಾವಲು ಕಾಯುತ್ತಿರುತ್ತದೆ: ನಿದ್ದೆ ಇಲ್ಲ, ಸಣ್ಣ ಸದ್ದಿಗೂ ಬೆಚ್ಚುವಿಕೆ, ಕಾರಣವಿಲ್ಲದ ಕೋಪ. ದುರಂತದ ನಂತರದ ಮೊದಲ ವಾರಗಳಲ್ಲಿ ಇವು ಯಾರಲ್ಲಿ ಕಂಡರೂ ಸಹಜವೇ. ಒಂದು ತಿಂಗಳು ಮೀರಿ ಉಳಿದು, ದಿನದ ಬದುಕನ್ನೇ ಕೆಡಿಸಿದಾಗ ಅದು ರೋಗ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಶೇಕಡಾ 70ರಷ್ಟು ಜನರು ತಮ್ಮ ಜೀವನದಲ್ಲಿ ಒಮ್ಮೆಯಾದರೂ ಆಘಾತಕಾರಿ ಘಟನೆಯೊಂದನ್ನು ಎದುರಿಸುತ್ತಾರೆ. ಆದರೆ ಈ ಕಾಯಿಲೆಗೆ ತುತ್ತಾಗುವವರು ಶೇಕಡಾ 5.6ರಷ್ಟು ಮಾತ್ರ. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಮನುಷ್ಯನಿಗೆ ದೇವರಿತ್ತ ಚೇತರಿಕೆಯ ಶಕ್ತಿ ದೊಡ್ಡದು ಎಂದು ಅವು ಹೇಳುತ್ತವೆ. ಅದೇ ಹೊತ್ತಿನಲ್ಲಿ, ಚೇತರಿಸಿಕೊಂಡ ಬಹುಮಂದಿಯ ನಡುವೆ ಚೇತರಿಸಿಕೊಳ್ಳಲಾಗದ ಕೆಲವರು ಎಷ್ಟು ಒಂಟಿಯಾಗಿರಬಹುದೆಂಬುದನ್ನೂ ಸೂಚಿಸುತ್ತವೆ. “ಎಲ್ಲರಿಗೂ ಆದದ್ದೇ ನಿನಗೂ ಆದದ್ದು, ಅವರೆಲ್ಲ ಸರಿಯಾಗಲಿಲ್ಲವೇ?” ಎಂಬ ಮಾತು ಅವರ ಗಾಯಕ್ಕೆ ಉಪ್ಪು ಸವರಿದಂತೆ.

ಮೂರು ಕಾಲಗಳು

ಯಾರು ಈ ಕಾಯಿಲೆಗೆ ಹೆಚ್ಚು ತುತ್ತಾಗುತ್ತಾರೆ ಎಂಬುದನ್ನು ಸಂಶೋಧಕರು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಅವರು ಗುರುತಿಸಿದ ಅಪಾಯದ ಅಂಶಗಳನ್ನು ಮೂರು ಕಾಲಗಳಲ್ಲಿ ಇಟ್ಟು ನೋಡಬಹುದು.

ಮೊದಲನೆಯದು, ಘಟನೆಗೆ ಮುಂಚಿನ ಕಾಲ. ಬಾಲ್ಯದಲ್ಲಿ ಹಿಂಸೆ, ದೌರ್ಜನ್ಯ ಅನುಭವಿಸಿದವರು, ಹಿಂದೆಯೇ ಒಂದು ಆಘಾತಕ್ಕೆ ಸಿಲುಕಿದವರು, ಖಿನ್ನತೆಯಂಥ ಮನೋರೋಗ ತಮಗಾಗಲಿ ಕುಟುಂಬದವರಿಗಾಗಲಿ ಇದ್ದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ಕಾಯಿಲೆ ಹೆಚ್ಚು. ಸ್ತ್ರೀಯರು ಬಲಹೀನರೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಕಾಯಿಲೆಯನ್ನು ಅತಿ ಹೆಚ್ಚಾಗಿ ತರುವ ಲೈಂಗಿಕ ದೌರ್ಜನ್ಯದಂಥ ಆಘಾತಗಳು ಅವರ ಪಾಲಿಗೇ ಹೆಚ್ಚು ಬರುತ್ತವೆ. ಅವುಗಳ ಬಗ್ಗೆ ಬಾಯಿ ಬಿಡುವ ಸ್ವಾತಂತ್ರ್ಯವೂ ಅವರಿಗೆ ಕಡಿಮೆ.

ಎರಡನೆಯದು, ಘಟನೆಯ ಕಾಲ. ಸಾವು ಎಷ್ಟು ಹತ್ತಿರ ಬಂದಿತ್ತು, ಕಣ್ಣೆದುರಿಗೆ ಯಾರು ಸತ್ತರು, ದೇಹಕ್ಕೆ ಗಾಯವಾಯಿತೇ, ಎಷ್ಟು ಹೊತ್ತು ಅಸಹಾಯಕರಾಗಿ ಸಿಕ್ಕಿಕೊಂಡಿದ್ದರು ಎಂಬುವು ಇಲ್ಲಿ ಮುಖ್ಯ. 2010ರ ಮೇ 22ರಂದು ಬಜ್ಪೆಯ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಣಿವೆಗೆ ಉರುಳಿದಾಗ ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. ಉಳಿದವರು 8 ಮಂದಿ. ಇಂಥ ದುರಂತದಲ್ಲಿ ಉಳಿದವನ ಎದೆಯಲ್ಲಿ “ನಾನೇಕೆ ಉಳಿದೆ?” ಎಂಬ ಪ್ರಶ್ನೆ ಅಪರಾಧಿ ಭಾವವಾಗಿ ಸುಡಬಹುದು. ಸುಟ್ಟ ದೇಹಗಳನ್ನು ಎತ್ತಿದ ಊರಿನ ಯುವಕರು, ಅಗ್ನಿಶಾಮಕ ದಳದವರು, ಆಂಬುಲೆನ್ಸ್ ಚಾಲಕರು, ಶವಾಗಾರದ ನೌಕರರು ಕೂಡ ಅಪಾಯದಲ್ಲಿರುವವರೇ. ಅವರನ್ನು ನಾವು ಶಾಲು ಹೊದಿಸಿ ಸನ್ಮಾನಿಸುತ್ತೇವೆ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳುವವರು ವಿರಳ.

ಮೂರನೆಯದು, ಘಟನೆಯ ನಂತರದ ಕಾಲ. ಆಸರೆಯಿಲ್ಲದಿರುವುದು, ಸಾಲ, ಮನೆಯಿಲ್ಲದಿರುವುದು, ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದು, ಕೆಲಸ ಕಳೆದುಕೊಳ್ಳುವುದು, ನಡೆದದ್ದಕ್ಕೆ ಸುತ್ತಲಿನವರು ನೊಂದವರನ್ನೇ ದೂರುವುದು ಇವೆಲ್ಲ ಗಾಯ ಮಾಗದಂತೆ ತಡೆಯುವ ಸಂಗತಿಗಳು.

ಕ್ರಿಸ್ ಬ್ರೂಯಿನ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 14 ಅಪಾಯದ ಅಂಶಗಳನ್ನು ತೂಗಿ ನೋಡಿ 2000ನೇ ಇಸವಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯಾವ ಒಂದು ಅಂಶವೂ ತಾನೊಂದೇ ಮನುಷ್ಯನ ಗತಿಯನ್ನು ನಿರ್ಧರಿಸುವಷ್ಟು ಬಲವಾಗಿರಲಿಲ್ಲ. ಆದರೆ ಹೋಲಿಸಿ ನೋಡಿದಾಗ, ಘಟನೆಗೆ ಮುಂಚಿನ ಅಂಶಗಳಿಗಿಂತ ಘಟನೆಯ ತೀವ್ರತೆ, ಆನಂತರದ ಆಸರೆಯ ಕೊರತೆ, ಆನಂತರದ ಬದುಕಿನ ಒತ್ತಡಗಳು ಇವುಗಳ ಪ್ರಭಾವವೇ ಹೆಚ್ಚೆಂದು ಕಂಡುಬಂತು.

ಈ ಮಾತನ್ನು ಓದಿ ಮುಂದೆ ಸಾಗಿಬಿಡುವುದು ಸುಲಭ. ನಿಂತು ಯೋಚಿಸಿದರೆ ಅದರ ಭಾರ ತಿಳಿಯುತ್ತದೆ. ಒಬ್ಬನ ಬಾಲ್ಯವನ್ನು ನಾವು ಬದಲಾಯಿಸಲಾರೆವು. ಗುಡ್ಡ ಜರಿದ ರಾತ್ರಿಯನ್ನು ಹಿಂದಕ್ಕೆ ತರಲಾರೆವು. ಮೂರನೆಯ ಕಾಲ ಮಾತ್ರ ನಮ್ಮ ಕೈಯಲ್ಲಿದೆ. ಎರಡು ಮನೆಗಳ ಯಜಮಾನರನ್ನು ಹೋಲಿಸುವಾಗ ನಾವು ಅವರ ಎದೆಗಾರಿಕೆಯನ್ನು ಅಳೆಯುತ್ತೇವೆ. ಒಬ್ಬನಿಗೆ ಅಣ್ಣತಮ್ಮಂದಿರಿದ್ದರೇ, ಇನ್ನೊಬ್ಬನ ಮಗ ಗಲ್ಫಿನಲ್ಲಿದ್ದು ರಜೆ ಸಿಗದೆ ಉಳಿದನೇ, ಒಬ್ಬನ ಸಾಲವನ್ನು ಹೊತ್ತುಕೊಂಡವರಿದ್ದರೇ, ಇನ್ನೊಬ್ಬನ ಅಂಗಳಕ್ಕೆ ಮೂರನೆಯ ತಿಂಗಳಲ್ಲಿ ಯಾರಾದರೂ ಕಾಲಿಟ್ಟರೇ ಎಂದು ಅಳೆಯುವುದಿಲ್ಲ. ಹೀಗಾಗಿ ನೊಂದವನ ಬಲಹೀನತೆಯೆಂದು ನಾವು ಕರೆಯುವುದರಲ್ಲಿ ಒಂದು ಭಾಗ ನಮ್ಮ ಗೈರುಹಾಜರಿಯೇ ಆಗಿರಬಹುದು. ರೋಗಿಯನ್ನು ಕುರಿತ ಪ್ರಶ್ನೆಯೊಂದು ಇಲ್ಲಿ ನೆರೆಯವರ ಕಡೆಗೆ ತಿರುಗುತ್ತದೆ. ಕನ್ನಡದಲ್ಲಿ ಪ್ರವಾಹಕ್ಕೂ ಪಕ್ಕದ ಮನೆಯವರಿಗೂ ‘ನೆರೆ’ ಎಂಬ ಒಂದೇ ಶಬ್ದವಿದೆ. ಮೊದಲನೆಯ ನೆರೆ ಇಳಿದ ಮೇಲೆ ಎರಡನೆಯ ನೆರೆ ಬರಬೇಕು.

ವಿಶ್ವಾಸದ ಕೊರತೆಯೇ?

ಕ್ರೈಸ್ತ ಕುಟುಂಬಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ನಿದ್ದೆಯಿಲ್ಲದೆ ಬಳಲುವವರಿಗೆ “ಜಪಸರ ಹೇಳು, ಎಲ್ಲ ಸರಿಯಾಗುತ್ತದೆ” ಎನ್ನುತ್ತೇವೆ. ಸರಿಯಾಗದಿದ್ದಾಗ, ಪ್ರಾರ್ಥನೆ ಸಾಲದಾಯಿತೆಂಬ ಅರ್ಥ ತಾನಾಗಿ ಹುಟ್ಟಿಕೊಳ್ಳುತ್ತದೆ. ಪ್ರಾರ್ಥನೆ ದೊಡ್ಡ ಆಸರೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರಾರ್ಥನೆಯನ್ನು ಪರೀಕ್ಷೆಯಾಗಿಸಿ ನೊಂದವರನ್ನು ಅನುತ್ತೀರ್ಣಗೊಳಿಸುವ ಅಧಿಕಾರ ನಮಗಿಲ್ಲ.

ಪವಿತ್ರ ಗ್ರಂಥ ಇಂಥ ತೀರ್ಪಿಗೆ ಆಧಾರ ಕೊಡುವುದಿಲ್ಲ. ಪ್ರವಾದಿ ಎಲೀಯನಿಗಿಂತ ಹೆಚ್ಚಿನ ವಿಶ್ವಾಸಿ ಯಾರು? ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ಧೈರ್ಯದಿಂದ ನಿಂತವನು, ಈಜೆಬೆಲಳ ಕೊಲೆಬೆದರಿಕೆ ಬಂದೊಡನೆ ಮರುಭೂಮಿಗೆ ಓಡಿ, ಒಂದು ಪೊದೆಯ ಕೆಳಗೆ ಕುಳಿತು ಸಾವನ್ನು ಬೇಡಿದ. ಆಗ ಬಂದ ದೇವದೂತ ಅವನ ವಿಶ್ವಾಸವನ್ನು ಪ್ರಶ್ನಿಸಲಿಲ್ಲ. ಮುಟ್ಟಿ ಎಬ್ಬಿಸಿದ, ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಗೊಟ್ಟ. ಎರಡನೆಯ ಸಾರಿ ಬಂದು ಪುನಃ ಉಣಿಸಿದ. ದೇವರೊಡನೆ ಸಂಭಾಷಣೆ ನಡೆದದ್ದು ಬಹಳ ದಿನಗಳ ಪ್ರಯಾಣದ ನಂತರ. ಮೊದಲು ನಿದ್ದೆ, ಆಹಾರ, ಒಂದು ಕೈಯ ಸ್ಪರ್ಶ; ಉಪದೇಶ ಆಮೇಲೆ. ಇಂದಿನ ತಜ್ಞರು ಹೇಳುವ ಕ್ರಮವೂ ಇದೇ.

ಸಿಲೋವಾಮಿನ ಗೋಪುರ ಕುಸಿದು 18 ಮಂದಿ ಸತ್ತಾಗ, ಅವರು ಇತರರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಯೇಸುಸ್ವಾಮಿ ಸ್ಪಷ್ಟವಾಗಿ ತಳ್ಳಿಹಾಕಿದರೆಂದು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ. ಗೋಪುರ ಬಿದ್ದದ್ದಕ್ಕೆ ಪಾಪವನ್ನು ಕಾರಣವಾಗಿ ಹಿಡಿಯಬಾರದಾದರೆ, ಗೋಪುರ ಬಿದ್ದ ಸದ್ದು ಬದುಕುಳಿದವನ ಕಿವಿಯಿಂದ ಹೋಗದಿರುವುದಕ್ಕೆ ಅದನ್ನು ಕಾರಣವಾಗಿ ಹಿಡಿಯುವುದು ಹೇಗೆ? ದೇವರ ವರಪ್ರಸಾದ ಮಾನವ ಸ್ವಭಾವವನ್ನು ಅಳಿಸಿಹಾಕುವುದಿಲ್ಲ, ಅದನ್ನು ಪೂರ್ಣತೆಗೆ ತರುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರಿಂದ ಧರ್ಮಸಭೆಗೆ ಬಂದ ಬೋಧನೆ. ಮೆದುಳೂ ನರಗಳೂ ಆ ಸ್ವಭಾವದ ಭಾಗಗಳೇ. ಮುರಿದ ಕಾಲಿಗೆ ಪಟ್ಟಿ ಕಟ್ಟಿಸುವಾಗ ವಿಶ್ವಾಸದ ಪ್ರಶ್ನೆ ಏಳುವುದಿಲ್ಲ. ಮುರಿದ ಮನಸ್ಸಿಗೂ ಅದೇ ನ್ಯಾಯ ಸಲ್ಲಬೇಕು.

ಯೋಬನ ಗೆಳೆಯರ ಕಥೆಯಂತೂ ನಮಗೆ ಕನ್ನಡಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನನ್ನು ಕಾಣಲು ಮೂವರು ಗೆಳೆಯರು ಬಂದರು. ಏಳು ಹಗಲು ಏಳು ಇರುಳು ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತರು. ಅವರು ಮಾಡಿದ ಅತ್ಯುತ್ತಮ ಕಾರ್ಯ ಅದೇ. ಬಾಯಿ ತೆರೆದ ಮೇಲೆ, ಈ ಕಷ್ಟಕ್ಕೆ ನೀನೇ ಕಾರಣನೆಂದು ವಾದಿಸತೊಡಗಿದರು. ಕೊನೆಗೆ ದೇವರ ಕೋಪಕ್ಕೆ ಗುರಿಯಾದವರು ಗೋಳಾಡಿದ ಯೋಬನಲ್ಲ, ದೇವರ ಪರವಾಗಿ ವಾದಿಸಿದ ಆ ಗೆಳೆಯರು. ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿಯೇ ಮೂವರು ಶಿಷ್ಯರನ್ನು ತಮ್ಮೊಂದಿಗೆ ಎಚ್ಚರವಾಗಿರುವಂತೆ ಕೇಳಿಕೊಂಡರು. ಯಾತನೆಯ ಹೊತ್ತಿನಲ್ಲಿ ಜೊತೆಗೊಬ್ಬರು ಬೇಕೆಂಬ ಹಂಬಲ ಬಲಹೀನತೆಯಾಗಿದ್ದರೆ ಅವರು ಹಾಗೆ ಕೇಳುತ್ತಿರಲಿಲ್ಲ.

ಎರಡು ಆಕ್ಷೇಪಗಳು

ಇಷ್ಟು ಹೇಳಿದಾಗ ವಿಚಾರವಂತ ಓದುಗರು ಆಕ್ಷೇಪ ಎತ್ತಬಹುದು. ಎಲ್ಲವನ್ನೂ ನೆರೆಹೊರೆಯ ತಲೆಗೆ ಕಟ್ಟಿದರೆ, ಮನಃಪೂರ್ವಕ ಸೇವೆ ಮಾಡಿದ ಮನೆಯವರಿಗೆ ಅನ್ಯಾಯವಾಗುವುದಿಲ್ಲವೇ? ಪ್ರೀತಿಯ ಹೆಂಡತಿ, ಒಳ್ಳೆಯ ಮಕ್ಕಳು, ಸಜ್ಜನ ನೆರೆಯವರು ಇದ್ದೂ ಈ ಕಾಯಿಲೆಗೆ ಬಿದ್ದವರಿದ್ದಾರಲ್ಲ?

ಈ ಆಕ್ಷೇಪ ಸರಿಯಾದದ್ದು. ಅಪಾಯದ ಅಂಶವೆಂದರೆ ತೀರ್ಪಲ್ಲ. ಅದು ಹಲವರನ್ನು ಒಟ್ಟಿಗೆ ನೋಡಿದಾಗ ಕಾಣುವ ಒಲವು, ಒಬ್ಬನ ಹಣೆಬರಹವಲ್ಲ. ಬಾಲ್ಯದಲ್ಲಿ ನೊಂದವರೆಲ್ಲರೂ ಕುಸಿಯುವುದಿಲ್ಲ, ಆಸರೆ ಪಡೆದವರೆಲ್ಲರೂ ಚೇತರಿಸಿಕೊಳ್ಳುವುದಿಲ್ಲ. ಆದ್ದರಿಂದ ರೋಗಿಯನ್ನು ಬಿಟ್ಟು ಈಗ ಅವನ ಹೆಂಡತಿಯನ್ನು ದೂರುವುದಾದರೆ ಒಂದು ಅನ್ಯಾಯದ ಜಾಗದಲ್ಲಿ ಇನ್ನೊಂದನ್ನು ಕೂರಿಸಿದಂತೆ. ನಾನು ಹೇಳುವುದು ಹೊಣೆಯ ಮಾತು, ಅಪರಾಧದ ಮಾತಲ್ಲ. ಅಪರಾಧ ಹಿಂದಕ್ಕೆ ನೋಡಿ ಯಾರು ತಪ್ಪಿದರೆಂದು ಹುಡುಕುತ್ತದೆ. ಹೊಣೆ ಮುಂದಕ್ಕೆ ನೋಡಿ ಇನ್ನು ಮಾಡಬಹುದಾದದ್ದೇನೆಂದು ಕೇಳುತ್ತದೆ. ಸೇವೆ ಮಾಡಿ ಬಳಲಿದ ಹೆಂಡತಿಗೂ ಆಸರೆ ಬೇಕು. ಒಂದು ಮನೆಯ ಭಾರವನ್ನು ಆ ಮನೆಯೇ ಹೊರಬೇಕೆಂಬ ನಿಯಮ ನಮ್ಮದಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ನೊಂದವನ ಸ್ವಂತ ಇಚ್ಛೆಗೆ ಪಾತ್ರವೇ ಇಲ್ಲವೇ? ಇದೆ. ವೈದ್ಯರ ಬಳಿಗೆ ಹೋಗುವುದು, ಮದ್ಯದಲ್ಲಿ ಮರೆವನ್ನು ಹುಡುಕದಿರುವುದು, ಬಿಟ್ಟ ಕೆಲಸವನ್ನು ಒಂದಿಷ್ಟಾದರೂ ಮತ್ತೆ ಹಿಡಿಯುವುದು ಇವು ಅವನೇ ಮಾಡಬೇಕಾದ ಆಯ್ಕೆಗಳು. ಆದರೆ ಇಚ್ಛೆಗೂ ನಿಲ್ಲಲು ನೆಲ ಬೇಕು. ಆ ನೆಲವನ್ನು ಇತರರ ಸಾನ್ನಿಧ್ಯ ಒದಗಿಸುತ್ತದೆ.

ಮನುಷ್ಯರು ಮಾಡಿದ ಗಾಯ

ಪ್ರಕೃತಿ ಮಾಡಿದ ಗಾಯಕ್ಕಿಂತ ಮನುಷ್ಯ ಬೇಕೆಂದೇ ಮಾಡಿದ ಗಾಯ ಹೆಚ್ಚು ಆಳಕ್ಕೆ ಇಳಿಯುತ್ತದೆಂದು ಸಂಶೋಧಕರು ಹೇಳುತ್ತಾರೆ. ಹೊಳೆಗೆ ದ್ವೇಷವಿಲ್ಲ. ಕತ್ತಿ ಹಿಡಿದವನಿಗೆ ಇದೆ. ಬಂಟ್ವಾಳ ತಾಲೂಕು 2017ರಲ್ಲಿಯೂ 2025ರಲ್ಲಿಯೂ ಮತದ್ವೇಷದ ಕೊಲೆಗಳನ್ನು, ಅವುಗಳ ಬೆನ್ನಿಗೆ ಬಂದ ನಿಷೇಧಾಜ್ಞೆಗಳನ್ನು ಕಂಡಿದೆ. ಸತ್ತವರು ಬೇರೆ ಬೇರೆ ಮತಗಳವರು. ಅವರ ತಾಯಂದಿರ, ಹೆಂಡಂದಿರ, ಕಣ್ಣಾರೆ ಕಂಡವರ ನಿದ್ದೆಗೆ ಮತವಿಲ್ಲ.

ಇಂಥ ಘಟನೆಗಳ ನಂತರ ಆಸರೆಯೂ ಎರಡು ಪಾಲಾಗುತ್ತದೆ. ಒಂದು ಕಡೆಯವರ ಮನೆಗೆ ಒಂದು ಗುಂಪು, ಇನ್ನೊಂದು ಕಡೆಯವರ ಮನೆಗೆ ಇನ್ನೊಂದು ಗುಂಪು ಹೋಗುತ್ತದೆ. ಮೊನ್ನೆಯವರೆಗೆ ಜೊತೆಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರು ಪರಸ್ಪರ ಅಂಗಳ ಹತ್ತಲು ಹೆದರುತ್ತಾರೆ. ಲೋಕವೇ ಅಪಾಯಕಾರಿ, ಯಾರನ್ನೂ ನಂಬಲಾಗದು ಎಂಬ ಭಾವನೆ ಈ ಕಾಯಿಲೆಯ ಬೇರು. ಆ ಭಾವನೆಯನ್ನು ಸುಳ್ಳೆಂದು ತೋರಿಸಬಲ್ಲವರು ಯಾರು? ತನ್ನವರು ಬಂದರೆ ಸಾಂತ್ವನ ದೊರೆಯುತ್ತದೆ. ಆಚೆಯವರು ಬಂದರೆ ನಂಬಿಕೆ ಮರಳುತ್ತದೆ.

ನಮ್ಮ ಸಮುದಾಯದ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವಿದೆ. 1784ರ ವಿಭೂತಿ ಬುಧವಾರದಂದು ಟಿಪ್ಪುವಿನ ಆಜ್ಞೆಯಿಂದ ಕೆನರಾದ ಕಥೋಲಿಕರು ಸೆರೆಹಿಡಿಯಲ್ಪಟ್ಟು ಶ್ರೀರಂಗಪಟ್ಟಣಕ್ಕೆ ನಡೆಸಲ್ಪಟ್ಟರು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬದುಕುಳಿದವರು ಮರಳಿದ್ದು 1799ರಲ್ಲಿ ಟಿಪ್ಪುವಿನ ಪತನದ ನಂತರ. ಹದಿನೈದು ವರ್ಷಗಳ ಬಳಿಕ ಬಂದು ಕಂಡದ್ದು ಕೆಡವಿದ ದೇವಾಲಯಗಳನ್ನೂ ಇತರರ ವಶವಾಗಿದ್ದ ಭೂಮಿಯನ್ನೂ. ಅವರ ರಾತ್ರಿಗಳು ಹೇಗಿದ್ದವೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಆದರೆ ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ದೇವಾಲಯ ಮಾತ್ರ ಕೆಡವಲ್ಪಡದೆ ಉಳಿಯಿತು, ಅದಕ್ಕೆ ಮೂಡುಬಿದಿರೆಯ ಚೌಟ ಅರಸರ ಮಧ್ಯಸ್ಥಿಕೆಯೇ ಕಾರಣ ಎಂಬ ಸಂಗತಿ ಚರಿತ್ರೆಯಲ್ಲಿ ಉಳಿದುಬಂದಿದೆ. ಚೌಟರು ಜೈನ ಅರಸರು. ಸೆರೆಯಿಂದ ಮರಳಿದವರಿಗೆ ನಿಂತಿರುವ ಒಂದು ದೇವಾಲಯ ಎಷ್ಟು ದೊಡ್ಡ ಆಸರೆಯಾಗಿರಬಹುದು! ನಮಗಾಗಿ ಆಚೆಯವನೊಬ್ಬ ನಿಂತ ಸ್ಮೃತಿಯುಳ್ಳ ಸಮುದಾಯ ನಾವು. ಆ ಋಣವನ್ನು ಇಂದು ಯಾರ ಅಂಗಳದಲ್ಲಿ ತೀರಿಸಬೇಕೆಂದು ಯೋಚಿಸಬೇಕು.

ಜೊತೆಗಿರುವುದೆಂದರೇನು?

ಜೊತೆಗಿರುವುದೆಂದರೆ ಹೋಗಿ ಎಲ್ಲವನ್ನೂ ಕೆದಕಿ ಕೇಳುವುದಲ್ಲ. ದುರಂತ ನಡೆದ ಕೂಡಲೇ ನೊಂದವರಿಂದ ಒತ್ತಾಯದಿಂದ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಪ್ರಚಾರದಲ್ಲಿತ್ತು. ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದೆಂದು ಮುಂದೆ ತಿಳಿದುಬಂತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸಗಳನ್ನು ಹೇಳುತ್ತದೆ: ನೋಡುವುದು, ಆಲಿಸುವುದು, ಬೇಕಾದ ನೆರವಿಗೆ ಜೋಡಿಸುವುದು. ಹೇಳಿದರೆ ಕೇಳಬೇಕು, ಹೇಳದಿದ್ದರೆ ಸುಮ್ಮನೆ ಕುಳಿತಿರಬೇಕು. ಪರಿಹಾರದ ಅರ್ಜಿ ಬರೆದುಕೊಡುವುದು, ತಾಲೂಕು ಕಚೇರಿಗೆ ಜೊತೆಯಲ್ಲಿ ಹೋಗುವುದು, ಹಟ್ಟಿಯ ದನಕ್ಕೆ ಹುಲ್ಲು ಹಾಕುವುದು, ಮಕ್ಕಳನ್ನು ಶಾಲೆಗೆ ಬಿಡುವುದು ಇವೂ ಚಿಕಿತ್ಸೆಯ ಭಾಗಗಳೇ. ಏಕೆಂದರೆ ಆನಂತರದ ಒತ್ತಡಗಳು ಕಡಿಮೆಯಾದಷ್ಟೂ ಗಾಯ ಮಾಗಲು ಅವಕಾಶ ಹೆಚ್ಚು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಇವುಗಳ ನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸ್ಥಳೀಯ ಕಾರ್ಯಕರ್ತರಿಗೇ ತರಬೇತಿ ನೀಡಿ ಮನೆಮನೆಗೆ ಕಳುಹಿಸಿದ್ದು ಈ ಕಾರಣದಿಂದಲೇ.

ನಮ್ಮ ಹಳಬರಿಗೆ ಇದರ ಅರಿವು ಒಂದು ರೀತಿಯಲ್ಲಿ ಇತ್ತು. 1923ರ ಮಹಾಪ್ರವಾಹಕ್ಕೆ ಅವರು ತುಳುವಿನಲ್ಲಿ ‘ಮಾರಿ ಬೊಳ್ಳ’ ಎಂದು ಹೆಸರಿಟ್ಟರು. 1974ರಲ್ಲಿ ನೇತ್ರಾವತಿ ಬಂಟ್ವಾಳದ ಪೇಟೆಗೆ ನುಗ್ಗಿದ್ದನ್ನೂ ಜಗಲಿಯಲ್ಲಿ ಕುಳಿತು ಮತ್ತೆ ಮತ್ತೆ ಹೇಳಿಕೊಂಡರು. ಹೇಳುವವನಿಗೆ ಬೇಕಾದಾಗ ಹೇಳಲು, ಬೇಡವಾದಾಗ ನಿಲ್ಲಿಸಲು ಅಲ್ಲಿ ಸ್ವಾತಂತ್ರ್ಯವಿತ್ತು. ಕೇಳುವವರಿಗೆ ಅವಸರವಿರಲಿಲ್ಲ.

ಇನ್ನೊಂದು ಸಂಗತಿಯತ್ತ ಧರ್ಮಕೇಂದ್ರಗಳ ಗಮನ ಸೆಳೆಯಬಯಸುತ್ತೇನೆ. ಸತ್ತವರಿಗಾಗಿ ನಮ್ಮಲ್ಲಿ ತಿಂಗಳ ಬಲಿಪೂಜೆಯಿದೆ, ವರ್ಷದ ಬಲಿಪೂಜೆಯಿದೆ. ಬದುಕುಳಿದವರಿಗಾಗಿ ಅಂಥ ದಿನಗಳಿಲ್ಲ. ತಿಂಗಳ ಪೂಜೆಯ ಊಟ ಮುಗಿಯುವುದರೊಂದಿಗೆ ಬಂಧುಗಳ ಬರುವಿಕೆಯೂ ಮುಗಿಯುತ್ತದೆ. ವೈದ್ಯರ ಲೆಕ್ಕದಲ್ಲಿ ಆತಂಕ ಸಹಜತೆಯ ಗಡಿ ದಾಟಿ ರೋಗವಾಗುವುದು ಸರಿಯಾಗಿ ಆ ತಿಂಗಳ ನಂತರವೇ. ಆದ್ದರಿಂದ ವಾಳೆಯ ಗುರ್ಕಾರರೂ ವಿನ್ಸೆಂಟ್ ದಿ ಪೌಲ್ ಸಭೆಯವರೂ ಸ್ತ್ರೀ ಸಂಘಟನೆಯವರೂ ಆ ಮನೆಗೆ ಹೋಗಬೇಕಾದ ದಿನಗಳನ್ನು ಪಂಚಾಂಗದಲ್ಲಿ ಗುರುತಿಸಿಟ್ಟುಕೊಳ್ಳಲಿ: ಎರಡನೆಯ ತಿಂಗಳು, ಆರನೆಯ ತಿಂಗಳು, ಘಟನೆ ನಡೆದ ದಿನ, ಮರುವರ್ಷದ ಮೊದಲ ಜೋರು ಮಳೆ. ಆ ಮಳೆಯ ಸಂಜೆ ಒಂದು ಫೋನ್ ಕರೆ ಮಾಡಿ “ಹೇಗಿದ್ದೀರಿ? ನಾವು ಬರಬೇಕೇ?” ಎಂದು ಕೇಳಲು ಖರ್ಚಾಗುವುದೇನೂ ಇಲ್ಲ.

ಜೊತೆಗಿರುವವರಿಗೆ ತಮ್ಮ ಮಿತಿಯೂ ತಿಳಿದಿರಬೇಕು. ಒಂದು ತಿಂಗಳು ದಾಟಿಯೂ ನಿದ್ದೆಯಿಲ್ಲದೆ, ಕೆಲಸ ಮಾಡಲಾಗದೆ ನರಳುವವರನ್ನು, ಸಾವಿನ ಮಾತಾಡುವವರನ್ನಂತೂ ತಡಮಾಡದೆ, ವೈದ್ಯರ ಬಳಿಗೆ ಕರೆದೊಯ್ಯಬೇಕು. ಭಯದ ನೆನಪನ್ನು ಸುರಕ್ಷಿತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಗಳಿವೆ, ಔಷಧಗಳೂ ಇವೆ; ಅವುಗಳಿಂದ ಬಹಳ ಮಂದಿ ಗುಣ ಹೊಂದಿದ್ದಾರೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿಯೂ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿಯೂ ಮನೋವೈದ್ಯರಿದ್ದಾರೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಮನೋವೈದ್ಯರ ಬಾಗಿಲು ತಟ್ಟಿದರೆ ಮಗಳ ಮದುವೆಗೆ ತೊಡಕಾದೀತೆಂದು ಅಂಜುವ ಹೆತ್ತವರಿದ್ದಾರೆ. ಆ ಅಂಜಿಕೆಯೂ ಅಪಾಯದ ಒಂದು ಅಂಶವೇ. ಅದನ್ನು ಹುಟ್ಟಿಸಿದವರೂ ನಾವೇ, ಅಳಿಸಬಲ್ಲವರೂ ನಾವೇ.

ಜೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ದೃಷ್ಟಾಂತವನ್ನು ನಾವೆಲ್ಲ ಬಲ್ಲೆವು. ಸಮಾರಿಯದವನು ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಪಟ್ಟಿ ಕಟ್ಟಿದ್ದನ್ನು ಪ್ರಸಂಗಗಳಲ್ಲಿ ಬಹಳ ಹೇಳುತ್ತೇವೆ. ಅವನು ಆ ರಾತ್ರಿ ಛತ್ರದಲ್ಲಿ ಉಳಿದು ಆರೈಕೆ ಮಾಡಿದ್ದನ್ನೂ, ಮರುದಿನ ಹೊರಡುವಾಗ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ಮತ್ತೆ ಬಂದು ಉಳಿದ ಲೆಕ್ಕ ತೀರಿಸುವೆನೆಂದು ಮಾತು ಕೊಟ್ಟದ್ದನ್ನೂ ಅಷ್ಟಾಗಿ ಹೇಳುವುದಿಲ್ಲ. ಗಾಯಗೊಂಡವನು ಅಂಜುಬುರುಕನೇ ಧೈರ್ಯವಂತನೇ, ಒಂಟಿಯಾಗಿ ಆ ದಾರಿಯಲ್ಲಿ ಹೋದದ್ದು ಸರಿಯೇ ತಪ್ಪೇ ಎಂಬ ವಿಚಾರಣೆ ಆ ದೃಷ್ಟಾಂತದಲ್ಲಿ ಎಲ್ಲಿಯೂ ಇಲ್ಲ. ನೆರೆಯವನಾದವನು ಯಾರು ಎಂಬ ಪ್ರಶ್ನೆ ಮಾತ್ರ ಇದೆ. ಮೊದಲ ದಿನದ ಅಕ್ಕಿಯ ಮೂಟೆಯನ್ನು ನಾವು ಧಾರಾಳವಾಗಿ ಕೊಟ್ಟಿದ್ದೇವೆ. ಅದಕ್ಕಾಗಿ ದೇವರಿಗೆ ಸ್ತೋತ್ರ. ಈ ವರ್ಷದ ಮಳೆ ಹಿಡಿಯುವ ಮೊದಲು, ನಮ್ಮ ನಮ್ಮ ವಾಳೆಯಲ್ಲಿ ಮತ್ತೆ ಬರುತ್ತೇವೆಂದು ಹೇಳಿ ಹೋಗದೆ ಉಳಿದ ಮನೆ ಯಾವುದೆಂದು ನೆನಪಿಸಿಕೊಂಡು, ಅಲ್ಲಿಗೆ ಎರಡನೆಯ ಸಾರಿ ಹೋಗಿಬರೋಣ.